ಕೋಣ ಯಜಮಾನರದ್ದು, ಓಟ ಇವರದ್ದು

ಕಂಬಳದ ಮರುದಿನ ಪತ್ರಿಕೆಯಲ್ಲಿ ಫಲಿತಾಂಶ ಹುಡುಕಿ ಓದುವ ಅಭ್ಯಾಸ ಚಾರ್ಮಾಡಿ, ಉಜಿರೆ, ಬೆಳ್ತಂಗಡಿ ಕಡೆಯ ಎಷ್ಟೋ ಮನೆಗಳಲ್ಲಿದೆ. ‘ಹಗ್ಗ ಹಿರಿಯ: ಪ್ರಥಮ’ ಎಂದಾದ ಮೇಲೆ ಕೋಣಗಳ ಯಜಮಾನರ ಊರು, ಮನೆತನ, ಹೆಸರು. ಸೆಕೆಂಡಿನ ನೂರನೇ ಒಂದು ಭಾಗದ ಅಂತರದಲ್ಲಿ ಆ ಗೆಲುವು ತಂದುಕೊಟ್ಟವರ ಹೆಸರು ಅದರ ನಂತರ, ‘ಓಡಿಸಿದವರು’ ಎಂದು. ಈ ಲೇಖನ ಆ ಎರಡನೇ ಹೆಸರಿನವರ ಕುರಿತು.

ದುಡ್ಡು ಒಬ್ಬರದ್ದು, ಚುಕ್ಕಾಣಿ ಇನ್ನೊಬ್ಬರದ್ದು ಎಂಬ ಏರ್ಪಾಡು ಹಾಯಿದೋಣಿ ರೇಸಿನಲ್ಲೂ ಇದೆ. ಚಹಾ ವ್ಯಾಪಾರಿ ಥಾಮಸ್ ಲಿಪ್ಟನ್ 1899ರಿಂದ 1930ರ ನಡುವೆ ‘ಶ್ಯಾಮ್‌ರಾಕ್’ ಹೆಸರಿನ ದೋಣಿಗಳನ್ನು ಕಟ್ಟಿಸಿ ಅಮೆರಿಕಾಸ್ ಕಪ್‌ಗಾಗಿ ಐದು ಸಲ ಸೆಣಸಿದರು, ಐದೂ ಸಲ ಸೋತರು. ಲೋಕ ನೆನಪಿಟ್ಟಿರುವುದು ಲಿಪ್ಟನ್ ಅವರನ್ನು; ಆ ದೋಣಿಗಳನ್ನು ನಡೆಸಿದ ಸ್ಕಿಪ್ಪರ್‌ಗಳನ್ನು ಬಲ್ಲವರು ಕಡಿಮೆ. ಆದರೆ ಘಟ್ಟದ ಬುಡದ ನಮಗೆ ಸಮುದ್ರ ದೂರ. ನಮ್ಮ ಸ್ಕಿಪ್ಪರ್‌ಗಳು ಇರುವುದು ಕಂಬಳದ ಕರೆಯಲ್ಲಿ, ಕೋಣಗಳು ಓಡುವ ಕೆಸರಿನ ಹಾದಿಯಲ್ಲಿ.

ನವೆಂಬರ್ ಹೊತ್ತಿಗೆ ಶುರುವಾದರೆ ಬೇಸಿಗೆಯ ತನಕ ವಾರಕ್ಕೊಂದು ಊರು. ಮೂಡುಬಿದಿರೆಯ ಕೋಟಿ-ಚೆನ್ನಯ, ಬಂಟ್ವಾಳದ ಮೂಡೂರು-ಪಡೂರು, ವೇಣೂರು ಪೆರ್ಮುಡದ ಸೂರ್ಯ-ಚಂದ್ರ, ಚಾರ್ಮಾಡಿಗೆ ಹತ್ತಿರದ ಬಂಗಾಡಿ. ಎರಡು ಕರೆ ಅಕ್ಕಪಕ್ಕ ಇರುವುದರಿಂದ ಜೋಡುಕರೆ. ಒಂದೊಂದರಲ್ಲಿ ಒಂದು ಜೋಡಿ ಕೋಣ. ಸೋತವರು ಹೊರಗೆ, ಗೆದ್ದವರು ಮುಂದಿನ ಸುತ್ತಿಗೆ. ಬೆಳಿಗ್ಗೆ ತೊಡಗಿದ್ದು ರಾತ್ರಿಯಿಡೀ ನಡೆದು ಮರುದಿನಕ್ಕೆ ಮುಗಿಯುತ್ತದೆ. ಒಬ್ಬನೇ ಓಟಗಾರ ಬೇರೆ ಬೇರೆ ವಿಭಾಗಗಳಲ್ಲಿ, ಬೇರೆ ಬೇರೆ ಯಜಮಾನರ ಕೋಣಗಳನ್ನು ಓಡಿಸುವುದುಂಟು. ನಿದ್ದೆಗೆಟ್ಟ ಕಣ್ಣಿನಲ್ಲೇ ಫೈನಲ್‌ಗೆ ಇಳಿಯಬೇಕು.

ಹಗ್ಗದ ಓಟದಲ್ಲಿ ನೊಗಕ್ಕೆ ಕಟ್ಟಿದ ಹಗ್ಗವೊಂದೇ ಆಧಾರ. ನೇಗಿಲಿನಲ್ಲಿ ಹಗುರವಾದ ಪುಟ್ಟ ನೇಗಿಲು. ಅಡ್ಡ ಹಲಗೆಯಲ್ಲಿ ಓಡುವಂತಿಲ್ಲ, ಹಲಗೆಯ ಮೇಲೆ ನಿಂತೇ ಸಾಗಬೇಕು. ಕನೆ ಹಲಗೆಯ ಮಾತೇ ಬೇರೆ. ಅಲ್ಲಿ ವೇಗಕ್ಕಿಂತ ನೀರು ಮುಖ್ಯ. ತೂತುಗಳಿರುವ ಮರದ ತುಂಡಿನ ಮೇಲೆ ಒಂದು ಕಾಲಿಟ್ಟು ಮೆಟ್ಟಿದರೆ ನೀರು ಕಾರಂಜಿಯಾಗಿ ಚಿಮ್ಮಿ ಮೇಲೆ ಕಟ್ಟಿದ ನಿಶಾನೆಯ ಬಟ್ಟೆಯನ್ನು ತೋಯಿಸಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ನಿಶಾನೆಯ ಎತ್ತರದ ಲೆಕ್ಕ. ನನ್ನ ಮಟ್ಟಿಗೆ ಕಂಬಳದ ಅತ್ಯಂತ ಸೂಕ್ಷ್ಮ ವಿದ್ಯೆ ಇದು. ಹಗ್ಗದ ಓಟದ ಅಬ್ಬರದಲ್ಲಿ ಇದಕ್ಕೆ ಸಲ್ಲಬೇಕಾದ ಚಪ್ಪಾಳೆ ಸಲ್ಲುತ್ತಿಲ್ಲ.

ಓಟ ಶುರುವಾಗುವ ಗಂತಿನಲ್ಲಿ ಕೋಣ ಬಿಡುವ ಕ್ಷಣವನ್ನು ಹತ್ತಿರದಿಂದ ನೋಡಬೇಕು. ನಾಲ್ಕೈದು ಮಂದಿ ಕೋಣಗಳನ್ನು ಅವುಚಿ ಹಿಡಿದಿರುತ್ತಾರೆ. ಓಟಗಾರ ಹಗ್ಗದ ತುದಿಯನ್ನು ಎಡಗೈಯಲ್ಲಿ ಬಿಗಿಮಾಡಿ, ಬರಿಗಾಲನ್ನು ಕೆಸರಿನೊಳಗೆ ಅತ್ತಿತ್ತ ತಿರುಗಿಸಿ ಗಟ್ಟಿ ನೆಲ ಹುಡುಕುತ್ತಾನೆ. ಬಿಟ್ಟರು ಎನ್ನುವಷ್ಟರಲ್ಲಿ ಮೈ ಹಿಂದಕ್ಕೆ ವಾಲಿ, ಹಿಮ್ಮಡಿ ಊರಿ, ಒಂದೊಂದು ಹೆಜ್ಜೆಯೂ ನೆಗೆತವಾಗುತ್ತದೆ. ಎಂಟು ಗೊರಸುಗಳು ಎರಚುವ ಕೆಸರು ನೀರು ನೇರ ಮುಖಕ್ಕೆ. ಮುಂದಿನದು ಕಾಣುವುದೇ ಇಲ್ಲ. ಜೋಡಿಯಲ್ಲಿ ಒಂದು ಕೋಣ ಚುರುಕು, ಇನ್ನೊಂದು ತುಸು ನಿಧಾನವಾದರೆ ಓಟ ಓರೆಯಾಗುತ್ತದೆ. ಅದನ್ನು ಹಗ್ಗದ ಎಳೆತದಲ್ಲೇ ಅರಿತು, ಎರಡನ್ನೂ ಸಮಕ್ಕೆ ತಂದು ಕರೆಯ ಕೊನೆಯ ಮಂಜೊಟ್ಟಿ ಹತ್ತಿಸಬೇಕು.

2020ರ ಫೆಬ್ರವರಿ 1ರಂದು ಐಕಳದಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ನೂರು ಮೀಟರಿಗೆ ಲೆಕ್ಕ ಹಾಕಿ ಉಸೇನ್ ಬೋಲ್ಟ್ ಹೆಸರು ತೆಗೆಯಿತು. ಎರಡೇ ವಾರದಲ್ಲಿ ವೇಣೂರಿನಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟಿ 143 ಮೀಟರಿಗೆ 13.61 ಸೆಕೆಂಡ್ ಬರೆಸಿದರು. ಕ್ರೀಡಾ ಪ್ರಾಧಿಕಾರದ ಟ್ರಯಲ್ಸ್‌ಗೆ ಕರೆ ಬಂದಾಗ ಗೌಡರು ಒಪ್ಪಲಿಲ್ಲ. ಕಂಬಳದಲ್ಲಿ ಓಡುವುದು ಹಿಮ್ಮಡಿಯಲ್ಲಿ, ಟ್ರ್ಯಾಕಿನಲ್ಲಿ ಓಡುವುದು ಮುಂಗಾಲಿನಲ್ಲಿ, ಎರಡೂ ಬೇರೆ ಎಂದರು. ತನ್ನ ಕಸುಬನ್ನು ಬಲ್ಲವನ ಮಾತದು. ಕಟ್ಟಡ ಕೆಲಸ ಮಾಡಿಕೊಂಡಿದ್ದ ಅವರನ್ನು ಬೋಲ್ಟ್‌ಗೆ ಹೋಲಿಸುವ ಭರದಲ್ಲಿ ಅವರ ನಿಜವಾದ ವಿದ್ಯೆಯನ್ನೇ ನಾವು ಮರೆತೆವು. ಕೋಣದ ಎಳೆತ ವೇಗ ಕೊಡುತ್ತದೆ, ನಿಜ. ಆ ವೇಗವನ್ನು ತಾಳಿಕೊಂಡು ದಿಕ್ಕು ಕೊಡುವುದು ಓಟಗಾರನ ಕೆಲಸ.

ಮೊದಲೆಲ್ಲ ಇದು ಗದ್ದೆಯಲ್ಲೇ, ಹಿರಿಯರ ಹಿಂದೆ ಓಡಿ ಕಲಿಯುವ ವಿದ್ಯೆಯಾಗಿತ್ತು. ಕೆ. ಗುಣಪಾಲ ಕಡಂಬರ ಮುತುವರ್ಜಿಯಿಂದ ಹುಟ್ಟಿದ ಕಂಬಳ ಅಕಾಡೆಮಿ ಇದನ್ನು ಶಿಬಿರಗಳ ಮೂಲಕ ಕಲಿಸತೊಡಗಿತು. ಓಟದ ಜೊತೆಗೆ ಕೋಣಗಳ ಆರೈಕೆಯೂ ಅಲ್ಲಿ ಪಾಠ. ನಡುವೆ 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಕರೆಗಳಿಗೆ ಗ್ರಹಣ ಹಿಡಿಯಿತು. ಕಂಬಳಕ್ಕೆ ಅವಕಾಶ ಕೊಟ್ಟ ರಾಜ್ಯದ ತಿದ್ದುಪಡಿ ಕಾಯ್ದೆಯನ್ನು 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿದ ಮೇಲೆ ಆತಂಕ ಕಳೆಯಿತು. ಅದೇ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಕರೆ ತೋಡಿದರು. ಕೋಣಕ್ಕೆ ಹೊಡೆತ ಬೀಳಬಾರದು ಎಂಬ ಕಾಳಜಿ ನ್ಯಾಯವಾದದ್ದು, ಅದನ್ನು ಪಾಲಿಸಲೇಬೇಕು. ಅಷ್ಟೇ ಕಾಳಜಿ ಓಟಗಾರನ ಮೊಣಕಾಲಿಗೂ ಬೇಕು. ಬಿದ್ದು ಗಾಯಗೊಂಡವನಿಗೆ ಸೀಸನ್ ಮುಗಿಯುವ ತನಕವಾದರೂ ಸಂಬಳ, ವಿಮೆ ಸಿಗುವ ಖಾಯಂ ವ್ಯವಸ್ಥೆಯನ್ನು ಸಮಿತಿಗಳು, ಯಜಮಾನರು, ಸರ್ಕಾರ ಕೂಡಿ ಮಾಡಬೇಕು.

ಕಾಲಿನ ಕಸುವು ಕಡಿಮೆಯಾದವರಲ್ಲಿ ಹಲವರು ಕರೆ ಬಿಟ್ಟು ಹೋಗುವುದಿಲ್ಲ. ಗಂತಿನಲ್ಲಿ ಕೋಣ ಬಿಡಲು ನಿಲ್ಲುತ್ತಾರೆ, ಯಾವ ಕೋಣ ಎಡಕ್ಕೆ, ಯಾವುದು ಬಲಕ್ಕೆ ಎಂದು ಯಜಮಾನರಿಗೆ ಹೇಳುತ್ತಾರೆ, ಹೊಸ ಹುಡುಗನ ಹಗ್ಗದ ಹಿಡಿತ ಸರಿಪಡಿಸುತ್ತಾರೆ. ಫಲಿತಾಂಶದ ಪಟ್ಟಿಯಲ್ಲಿ ಅವರ ಹೆಸರಿಗೆ ಇನ್ನೂ ಜಾಗವಿಲ್ಲ.