ಒಂದೇ ಸೂರು, ಎರಡು ಮನೆ: ಕೀಟ್ಸ್ ಕವಿಯ ವಾಸಗೃಹ

ಆಂಗ್ಲ ಸಾಹಿತ್ಯವನ್ನು ಐಚ್ಛಿಕವಾಗಿ ಓದುವ ನಮಗೆಲ್ಲ ಜಾನ್ ಕೀಟ್ಸನ ಹೆಸರು ಪರಿಚಿತವಾದುದೇ. ನೈಟಿಂಗೇಲ್ ಹಕ್ಕಿಯನ್ನು ಕುರಿತ ಅವನ ಪ್ರಗಾಥವನ್ನು ಮೆಚ್ಚದವರು ವಿರಳ. ಆ ಪದ್ಯ ಹುಟ್ಟಿದ ಮನೆಯ ಕಟ್ಟಡವನ್ನು ಅರಿತರೆ ಕವಿಯ ಕೊನೆಯ ದಿನಗಳ ಸಂಕಟವೂ ಚೆನ್ನಾಗಿ ಅರ್ಥವಾಗುತ್ತದೆಂದು ನನಗೆ ತೋರುತ್ತದೆ.

ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಚಾರ್ಲ್ಸ್ ಡಿಲ್ಕ್ ಮತ್ತು ಚಾರ್ಲ್ಸ್ ಬ್ರೌನ್ ಎಂಬ ಸ್ನೇಹಿತರಿಬ್ಬರು 1814ರಿಂದ 1816ರವರೆಗಿನ ಅವಧಿಯಲ್ಲಿ ಕಟ್ಟಿಸಿದ ಮನೆಯಿದು. ಅವರು ಇದಕ್ಕೆ ವೆಂಟ್‌ವರ್ತ್ ಪ್ಲೇಸ್ ಎಂದು ಹೆಸರಿಟ್ಟರು. ಬಿಳಿಯ ಗಾರೆ, ಎತ್ತರವಾದ ಕಿಟಕಿಗಳು. ಬೀದಿಯಿಂದ ನೋಡಿದವರಿಗೆ ಅನುಕೂಲಸ್ಥರೊಬ್ಬರ ಒಂಟಿ ಬಂಗಲೆಯಂತೆಯೇ ಕಾಣುತ್ತಿತ್ತು. ಒಳಗಾದರೋ ಎರಡು ಬೇರೆ ಬೇರೆ ಮನೆಗಳು. ಒಂದರ ಬಾಗಿಲು ಮುಂದಕ್ಕೆ, ಇನ್ನೊಂದರದು ಪಕ್ಕಕ್ಕೆ. ಜೋಡಿ ಬಾಗಿಲು ಕಾಣದಿದ್ದುದರಿಂದ ಜೋಡಿ ಮನೆಯೆಂಬ ಗುಟ್ಟು ಹೊರಬೀಳುತ್ತಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಪಾಲಾದಾಗ ನಡುಮನೆಗೆ ಅಡ್ಡಗೋಡೆ ಎಬ್ಬಿಸುವುದುಂಟು. ಇಲ್ಲಿ ಸ್ನೇಹಿತರೇ ಒಪ್ಪಿ ಮೊದಲಿನಿಂದಲೇ ಗೋಡೆಯಿಟ್ಟು ಕಟ್ಟಿಸಿದರು. ತೋಟವನ್ನು ಮಾತ್ರ ಪಾಲು ಮಾಡಲಿಲ್ಲ.

ಬ್ರೌನನ ಭಾಗ ದೊಡ್ಡದೇನಲ್ಲ. ನೆಲಮಾಳಿಗೆಯಲ್ಲಿ ಅಡಿಗೆಮನೆ, ಅದರ ಮೇಲೆ ಎರಡು ಕೋಣೆ, ಮಹಡಿಯಲ್ಲಿ ಮಲಗುವ ಎರಡು ಕೋಣೆ. 1818ರ ಡಿಸೆಂಬರಿನಲ್ಲಿ ಕೀಟ್ಸ್ ಇಲ್ಲಿ ಬಂದು ನೆಲೆಸಿದನು. ತೋಟದ ಕಡೆಗಿದ್ದ ಹಿಂದಿನ ಕೋಣೆ ಅವನ ಓದುವ ಕೋಣೆಯಾಯಿತು. 1819ರ ವಸಂತದಲ್ಲಿ ಪ್ಲಮ್ ಮರದಡಿ ಕುರ್ಚಿ ಹಾಕಿಕೊಂಡು ಆ ಪ್ರಗಾಥವನ್ನು ಬರೆದನೆಂದು ಬ್ರೌನನೇ ಮುಂದೆ ಹೇಳಿದ್ದಾನೆ.

ಅದೇ ವರ್ಷದ ಏಪ್ರಿಲಿನಲ್ಲಿ ಡಿಲ್ಕನ ಸಂಸಾರ ತೆರವು ಮಾಡಿದ ಭಾಗಕ್ಕೆ ಬ್ರಾನ್ ಎಂಬ ವಿಧವೆ ತನ್ನ ಮಕ್ಕಳೊಡನೆ ಬಾಡಿಗೆಗೆ ಬಂದಳು. ಹಿರಿಯ ಮಗಳು ಫ್ಯಾನಿಯೇ ಕೀಟ್ಸ್ ಪ್ರೀತಿಸಿದ ಹುಡುಗಿ. ಈಗ ಇಬ್ಬರ ನಡುವೆ ಒಂದೇ ಗೋಡೆ. 1820ರ ಫೆಬ್ರವರಿ 3ರ ರಾತ್ರಿ ಕೀಟ್ಸ್ ಕೆಮ್ಮಿ ರಕ್ತ ಕಾರಿದನು. ವೈದ್ಯ ಓದಿದ್ದವನಾದ್ದರಿಂದ ಅದರ ಬಣ್ಣವನ್ನು ನೋಡಿಯೇ ಸಾವೆಂದು ತಿಳಿದುಕೊಂಡನು. ಬಳಿಕ ಹಗಲೆಲ್ಲ ಮುಂದಿನ ಕೋಣೆಯಲ್ಲಿ ಮಲಗಿ, ಗೋಡೆಯಾಚೆ ಇದ್ದವಳಿಗೇ ಚೀಟಿ ಬರೆದು ಕಳುಹಿಸುತ್ತಿದ್ದನು!

ಬ್ರೌನನಿಗೆ ಬೇಸಗೆಯಲ್ಲಿ ತನ್ನ ಭಾಗವನ್ನು ಬಾಡಿಗೆಗೆ ಕೊಡುವ ಪರಿಪಾಠವಿತ್ತು. ಹಾಗಾಗಿ ಮೇ ತಿಂಗಳಲ್ಲಿ ರೋಗಿಯೂ ಮನೆ ಬಿಡಬೇಕಾಯಿತು. ಆಗಸ್ಟಿನಲ್ಲಿ ಅವನು ಹಿಂದಿರುಗಿದ್ದು ಗೋಡೆಯ ಇನ್ನೊಂದು ಪಕ್ಕಕ್ಕೆ. ಫ್ಯಾನಿಯ ತಾಯಿಯೇ ಅವನನ್ನು ಮನೆಯೊಳಗೆ ಕರೆದುಕೊಂಡು ಉಪಚರಿಸಿದಳು. ಸೆಪ್ಟೆಂಬರಿನಲ್ಲಿ ಇಟಲಿಗೆ ಹೊರಟವನು 1821ರ ಫೆಬ್ರವರಿ 23ರಂದು ರೋಮಿನಲ್ಲಿ ತೀರಿಕೊಂಡನು. ವಯಸ್ಸು 25.

1838-39ರಲ್ಲಿ ಎಲೈಜಾ ಚೆಸ್ಟರ್ ಎಂಬ ನಟಿ ಎರಡನ್ನೂ ಕೊಂಡು ಒಂದು ಮಾಡಿ, ಪಕ್ಕಕ್ಕೆ ದೊಡ್ಡದೊಂದು ಕೋಣೆಯನ್ನು ಸೇರಿಸಿದಳು. ಮುಂದೆ ಮನೆ ನೆಲಸಮವಾಗುವುದರಲ್ಲಿತ್ತು; ಸಾರ್ವಜನಿಕರು ಚಂದಾ ಕೂಡಿಸಿ ಉಳಿಸಿಕೊಂಡರು. 1925ರಲ್ಲಿ ಅದು ಕವಿಯ ಸ್ಮಾರಕವಾಗಿ ತೆರೆಯಿತು. ಇಂದು ಅಲ್ಲಿಗೆ ಹೋದವರು ಬ್ರೌನನ ಭಾಗದಿಂದ ಫ್ಯಾನಿಯ ಭಾಗಕ್ಕೆ ಒಳಗಿನಿಂದಲೇ ನಡೆದುಹೋಗುತ್ತಾರೆ. ಕೀಟ್ಸ್ ಹೋಗಬೇಕಾದರೆ ಹೊರಗೆ ಬಂದು ಇನ್ನೊಂದು ಬಾಗಿಲು ತಟ್ಟಬೇಕಾಗಿತ್ತು.