ಘಟ್ಟದ ಮಳೆಗೆ ಎಂಥ ಕ್ಯಾಮೆರಾ?

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಘಟ್ಟ ಕಣ್ತುಂಬುವುದೂ ಆಗಲೇ. ಕುದುರೆಮುಖದ ಹುಲ್ಲುಗುಡ್ಡಗಳ ಮೇಲೆ ಮಂಜು ಹರಿಯುತ್ತದೆ, ಶೋಲಾ ಕಾಡು ಕಪ್ಪುಹಸಿರಿಗೆ ತಿರುಗುತ್ತದೆ, ಬೇಸಿಗೆಯಲ್ಲಿ ಹೆಸರೂ ಇಲ್ಲದ ತೊರೆಗಳು ಧುಮ್ಮಿಕ್ಕುತ್ತವೆ. ಕ್ಯಾಮೆರಾ ಹಾಳಾಗುವುದಕ್ಕೂ ಅದೇ ಪ್ರಶಸ್ತ ಕಾಲ. ಅಂಗಡಿಯಲ್ಲಿ ಮಾತ್ರ ಮಾತು ಶುರುವಾಗುವುದು ಮೆಗಾಪಿಕ್ಸೆಲ್‌ನಿಂದ.

24 ಮೆಗಾಪಿಕ್ಸೆಲ್ ಚಿತ್ರವನ್ನು ಇಂಚಿಗೆ 300 ಚುಕ್ಕಿಯಂತೆ ಪ್ರಿಂಟ್ ಹಾಕಿಸಿದರೆ 20 ಇಂಚು ಅಗಲ ಬರುತ್ತದೆ. ನಮ್ಮ ಗೋಡೆಗಳಿಗೆ ಅದು ಧಾರಾಳ. ಬೆಟ್ಟ ಎದ್ದು ಓಡುವುದಿಲ್ಲವಾದ್ದರಿಂದ ಸೆಕೆಂಡಿಗೆ 20 ಫ್ರೇಮ್ ಹೊಡೆಯುವ ವೇಗವೂ ಬೇಡ. ಒಂದೆರಡು ಮಾಡೆಲ್ ಹಿಂದಿನ ಬಾಡಿ ಕೊಂಡು, ಉಳಿದ ದುಡ್ಡನ್ನು ನೀರು ತಡೆಯುವ ಲೆನ್ಸಿಗೂ ಗಟ್ಟಿ ಟ್ರೈಪಾಡಿಗೂ ಸುರಿಯಿರಿ ಎಂಬುದೇ ನನ್ನ ವಾದ.

‘ವೆದರ್ ಸೀಲ್ಡ್’ ಎಂಬ ಮಾತನ್ನು ಕಂಪನಿಗಳು ತಮಗೆ ಬೇಕಾದಂತೆ ಬಳಸುತ್ತವೆ. ಅಳತೆಗೆ ಸಿಗುವುದು ಐಪಿ ರೇಟಿಂಗ್. ಅದನ್ನು ಹೇಳಿಕೊಳ್ಳುವ ಕ್ಯಾಮೆರಾಗಳು ಬೆರಳೆಣಿಕೆಯಷ್ಟು. 2022ರಲ್ಲಿ ಬಂದ ಓಎಂ ಸಿಸ್ಟಂನ ಓಎಂ-1ಗೆ ಐಪಿ53 ಇದೆ. ಇದರಲ್ಲಿ 5 ದೂಳಿನ ಲೆಕ್ಕ, 3 ನೀರಿನದು. ನೇರ ಮೇಲಿನಿಂದ 60 ಡಿಗ್ರಿವರೆಗೆ ಓರೆಯಾಗಿ ಸಿಡಿಯುವ ನೀರನ್ನು ತಡೆಯುತ್ತದೆ ಎಂದರ್ಥ, ಅದೂ ಸೀಲ್ ಇರುವ ಲೆನ್ಸ್ ಹಾಕಿದ್ದರೆ. ಕುದುರೆಮುಖದ ನೆತ್ತಿಯಲ್ಲಿ ಗಾಳಿ ಎದ್ದಾಗ ಮಳೆ ಅಡ್ಡಡ್ಡಲಾಗಿಯೇ ಬರುತ್ತದೆ. ಅದಕ್ಕೆ ಡಿಗ್ರಿಯ ಹಂಗಿಲ್ಲ. ಇನ್ನು ನೀರು ಹೊಕ್ಕ ಕ್ಯಾಮೆರಾಕ್ಕೆ ವಾರಂಟಿ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಗೊತ್ತೇ ಇದೆ.

ಹಾಗಾಗಿ ಬ್ರೋಷರ್ ಪಕ್ಕಕ್ಕಿಟ್ಟು ಲೆನ್ಸನ್ನು ಬಿಚ್ಚಿ ತಿರುಗಿಸಿ ನೋಡಿ. ಬಾಡಿಗೆ ಕೂರುವ ಲೋಹದ ಬಳೆಯ ಹೊರ ಅಂಚಿನಲ್ಲಿ ತೆಳ್ಳಗಿನ ರಬ್ಬರ್ ಪಟ್ಟಿ ಕಾಣಬೇಕು, ಉಗುರಿನಿಂದ ಮುಟ್ಟಿದರೆ ಮೆತ್ತಗೆ ಮಣಿಯಬೇಕು. ಬಾಡಿಯ ಜೊತೆ ಬರುವ ಅಗ್ಗದ ಕಿಟ್ ಲೆನ್ಸುಗಳಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ. ಬಾಡಿ ಎಷ್ಟು ಭದ್ರವಾಗಿದ್ದರೇನು, ನೀರಿಗೆ ಆ ಸಂದೇ ಹೆಬ್ಬಾಗಿಲು. ಬ್ಯಾಟರಿಯ ಮುಚ್ಚಳ, ಕಾರ್ಡಿನ ಬಾಗಿಲು, ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸಡಿಲಾಗಿವೆಯೇ ಎಂದೂ ನೋಡಿ. ಮಳೆಯಲ್ಲಿ ಲೆನ್ಸ್ ಬದಲಿಸುವ ಗೊಡವೆಯೇ ಬೇಡವೆಂದರೆ 24–105ರಂಥ ಒಂದು ಜೂಮ್ ಸಾಕು. ಮೇಲೆ ಹೊದಿಸಲು ಹೋಟೆಲ್ ಸ್ನಾನದಮನೆಯ ಶವರ್ ಕ್ಯಾಪ್, ಒರೆಸಲು ಹಳೆಯ ಪಂಚೆಯ ತುಂಡು. ಮಡಚಿ ತಿರುಗಿಸುವ ಸ್ಕ್ರೀನ್ ಶೋಕಿಯೆನ್ನುವವರು ಇಂಬಳ ತುಂಬಿದ ತರಗೆಲೆಯ ಮೇಲೆ ಮಂಡಿಯೂರಿ ವ್ಯೂಫೈಂಡರ್ ಇಣುಕಲಿ, ಆಮೇಲೆ ಮಾತಾಡೋಣ.

ಪೋಲರೈಸರ್ ಫಿಲ್ಟರ್ ಮಾತ್ರ ಮರೆಯಬೇಡಿ. ಒದ್ದೆ ಎಲೆ, ಒದ್ದೆ ಬಂಡೆಯ ಬಿಳಿ ಹೊಳಪನ್ನು ಕಳೆದು ಹಸಿರನ್ನು ಹೊರತರುವ ಈ ಕೆಲಸವನ್ನು ಕಂಪ್ಯೂಟರ್‌ನಲ್ಲಿ ಆಮೇಲೆ ಸರಿಯಾಗಿ ಮಾಡಲಾಗದು.

ಮುಳ್ಳೋಡಿಯಿಂದ ಕುದುರೆಮುಖದ ನೆತ್ತಿಗೆ ಹೋಗಿಬರುವುದೆಂದರೆ 20 ಕಿಲೋಮೀಟರ್ ಆಸುಪಾಸು. ಹೊತ್ತವರಿಗೇ ಗೊತ್ತು ಟ್ರೈಪಾಡಿನ ಭಾರ. ಕಾರ್ಬನ್ ಫೈಬರಿನದು ಹಗುರ, ಆದರೆ ಬೆಲೆ ಬಿಸಿ, ಬಂಡೆಗೆ ಜೋರಾಗಿ ಬಡಿದರೆ ಬಿರುಕು ಬಿಡಬಹುದು. ಅಲ್ಯೂಮಿನಿಯಂ ಭಾರ, ಬಡಿದರೆ ಸೊಟ್ಟಗಾಗುತ್ತದೆ. ಯಾವುದಾದರೂ ಸರಿ, ನಡುಗಂಬ ಎತ್ತದೆಯೇ ಕಣ್ಣಿನ ಮಟ್ಟದ ಹತ್ತಿರ ಬರುವಂಥದ್ದು ಕೊಳ್ಳಿ. ನಡುಗಂಬ ಎತ್ತಿದರೆ ಗುಡ್ಡದ ಗಾಳಿಗೆ ಅಲುಗುತ್ತದೆ. ಶಟರನ್ನು ಅರ್ಧ ಸೆಕೆಂಡು ತೆರೆದಿಟ್ಟು ತೆಗೆದ ತೊರೆಯ ಚಿತ್ರದಲ್ಲಿ ಬಂಡೆಯೂ ಕಲಸಿಹೋಗುತ್ತದೆ. ಕೆಳಗಿನ ಕೊಕ್ಕೆಗೆ ಬ್ಯಾಗ್ ನೇತುಹಾಕುವಾಗ ಅದರ ಬುಡ ನೆಲಕ್ಕೆ ತಾಗಿರಲಿ, ಇಲ್ಲವಾದರೆ ಜೋಲಿಯಾಡುತ್ತದೆ. ತೊರೆಗೆ ಇಳಿಸಿದ ಕಾಲುಗಳನ್ನು ರಾತ್ರಿ ಪೂರ್ತಿ ಎಳೆದು ಒಣಗಿಸಿ.

ಊರಿಗೆ ಮರಳಿದ ಮೇಲೂ ತೇವ ಬಿಡುವುದಿಲ್ಲ. ಗಾಳಿಯಲ್ಲಿ ತೇವಾಂಶ ಶೇ 60 ದಾಟಿ ದಿನಗಟ್ಟಲೆ ನಿಂತರೆ ಲೆನ್ಸಿನ ಗಾಜಿಗೆ ಫಂಗಸ್ ಹಿಡಿಯುವ ಭಯ. ಮಲೆನಾಡಿನ ಮಳೆಗಾಲದಲ್ಲಿ ಅದು ಶೇ 60ಕ್ಕೆ ಇಳಿಯುವ ದಿನವೇ ಅಪರೂಪ. ಕ್ಯಾಮೆರಾವನ್ನು ಬ್ಯಾಗಿನಲ್ಲೇ ಬಿಟ್ಟು ಬೀರುವಿಗೆ ಸೇರಿಸುವುದು ಬೂಷ್ಟಿಗೆ ಆಹ್ವಾನ ಕೊಟ್ಟಂತೆ. ಡ್ರೈ ಕ್ಯಾಬಿನೆಟ್ ದುಬಾರಿಯೆನಿಸಿದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ತೇವಾಂಶ ತೋರುವ ಪುಟ್ಟ ಮೀಟರ್ ಸಾಕು. ಮೀಟರ್ 40–50ರ ನಡುವೆ ಇರಲಿ. ನೀಲಿ ಹರಳು ಗುಲಾಬಿಯಾದಾಗ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ನೀಲಿಯಾಗುತ್ತದೆ. ಅಕ್ಕಿ ಡಬ್ಬದಲ್ಲಿ ಹೂತಿಡಿ ಎನ್ನುವ ಸಲಹೆ ಕೇಳಬೇಡಿ. ಅದರ ದೂಳು ಒಳಸೇರಿದ್ದೇ ಬಂತು.

ಸೆಕೆಂಡ್‌ಹ್ಯಾಂಡ್ ಲೆನ್ಸ್ ಕೊಳ್ಳುವವರು ಮೊಬೈಲ್ ಟಾರ್ಚನ್ನು ಹಿಂಬದಿಯಿಂದ ಓರೆಯಾಗಿ ಹಿಡಿದು ಮುಂದಿನಿಂದ ನೋಡಬೇಕು. ಒಂದಿಷ್ಟು ದೂಳಿನ ಕಣ ಕಂಡರೆ ಚಿಂತೆಯಿಲ್ಲ, ಚಿತ್ರದಲ್ಲಿ ಕಾಣಿಸದು. ಅಂಚಿನಿಂದ ಒಳಕ್ಕೆ ಕವಲೊಡೆದ ಬಿಳಿ ಎಳೆಗಳು ಕಂಡರೆ ಅದು ಫಂಗಸ್. ತೆಗೆಸಿದರೂ ಗಾಜಿನ ಕೋಟಿಂಗಿನಲ್ಲಿ ಕಲೆ ಉಳಿದುಬಿಡಬಹುದು. ಅರ್ಧ ಬೆಲೆಗೆ ಕೊಟ್ಟರೂ ಬೇಡ.