ಮೊಳೆಯಿಲ್ಲದ ಹಡಗು, ಸೋರಿದ ಪ್ರಾಜೆಕ್ಟ್

ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಬೆಳೆದ ನನಗೆ ಸಮುದ್ರ ಅಂದ್ರೆ ವರ್ಷಕ್ಕೊಮ್ಮೆ ಮಂಗಳೂರಿನ ಬೀಚ್, ಅಷ್ಟೆ. ಆದರೂ ಬಿಇ ಮಿನಿ ಪ್ರಾಜೆಕ್ಟ್‌ಗೆ ನಾನು ಹಟ ಹಿಡಿದು ಆರಿಸಿಕೊಂಡಿದ್ದು ಹಡಗನ್ನು!

ತಲೆಗೆ ಹುಳ ಬಿಟ್ಟಿದ್ದು ಐಎನ್‌ಎಸ್‌ವಿ ಕೌಂಡಿನ್ಯ. ಅಜಂತಾದ 5ನೇ ಶತಮಾನದ ಚಿತ್ರ ನೋಡಿ ಕಟ್ಟಿದ ಹಡಗು. ಕೇರಳದ ಬಾಬು ಶಂಕರನ್ ನೇತೃತ್ವದ ಕುಶಲಕರ್ಮಿಗಳು ಮೊಳೆ ಹೊಡೆಯದೆ, ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದರು. 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ಅದು ನೌಕಾಪಡೆ ಸೇರಿತು. ಹಾಯಿಯ ಮೇಲೆ ಗಂಡಭೇರುಂಡ. ದಿನಾ ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೆ ನೋಡುವ ಅದೇ ಹಕ್ಕಿ! ಡಿಸೆಂಬರ್ 29ಕ್ಕೆ ಪೋರಬಂದರ್‌ನಿಂದ ಹೊರಟು, 2026ರ ಜನವರಿ 14ಕ್ಕೆ ಮಸ್ಕತ್ ಮುಟ್ಟಿತು.

ಚಿತ್ರದಲ್ಲಿ ಕಾಣುವುದು ಹಡಗಿನ ಒಂದು ಮಗ್ಗುಲು ಮಾತ್ರ. ಅಳತೆಯ ನಕ್ಷೆ ಯಾರೂ ಬಿಟ್ಟುಹೋಗಿಲ್ಲ. ಹಾಗಾಗಿ ನೀರಿನಲ್ಲಿ ಹೇಗೆ ವರ್ತಿಸುತ್ತದೆಂದು ತಿಳಿಯಲು ಐಐಟಿ ಮದ್ರಾಸ್ ಜೊತೆ ಸೇರಿ ಮಾದರಿ ಮಾಡಿ ಪರೀಕ್ಷಿಸಿದರು.

ನಾವು ನಾಲ್ವರು ಪ್ಲೈವುಡ್‌ಗೆ ತೂತು ಕೊರೆದು ಹಗ್ಗ ಪೋಣಿಸಿ ತೋಟದ ಕೆರೆಗೆ ಬಿಟ್ಟೆವು. ಹತ್ತೇ ನಿಮಿಷಕ್ಕೆ ಮುಳುಗಿತು. ಕಾಫಿ ಮೂಟೆ ಹೊಲಿಯುತ್ತಿದ್ದ ಅಜ್ಜ ದಬ್ಬಳ ಕೆಳಗಿಟ್ಟು ಬಂದು, "ಹೊಲಿಗೆ ಅಡಿಗೆ ಏನೂ ತುಂಬಿಲ್ವಲ್ಲೋ ಮಗಾ" ಅಂದರು. ಕೌಂಡಿನ್ಯದಲ್ಲೂ ತೆಂಗಿನ ನಾರು, ಮರದ ಅಂಟು ಬಳಸಿದ್ದಾರೆ. ವಿಡಿಯೊದಲ್ಲಿ ನೋಡಿದ್ದರೂ ನನ್ನ ತಲೆಗೆ ಹೋಗಿರಲಿಲ್ಲ. ಎರಡನೇ ಸಲ ಸಂಜೆವರೆಗೂ ತೇಲಿತು.

ಖುಷಿಯಲ್ಲಿ ವರದಿಯ ಕೊನೆಗೆ 'ಪ್ರಾಚೀನರು ಹೀಗೇ ಸಮುದ್ರ ದಾಟಿದರೆಂದು ಸಾಬೀತಾಗಿದೆ' ಎಂದು ಬರೆದುಬಿಟ್ಟೆ. ವೈವಾದಲ್ಲಿ ಮೇಷ್ಟ್ರು ಕೇಳಿದರು: "ದಾಟಿದರು ಅಂತಲೋ, ದಾಟಬಹುದಿತ್ತು ಅಂತಲೋ?" ನಾನು ತಡವರಿಸಿದೆ. ಮಾರ್ಕ್ಸ್ ಹೋಯಿತು.

ಆಮೇಲೆ ಕಾನ್-ಟಿಕಿ ಬಗ್ಗೆ ಓದಿದೆ. 1947ರಲ್ಲಿ ನಾರ್ವೆಯ ಥಾರ್ ಹೆಯರ್ಡಾಲ್ ಬಾಲ್ಸಾ ಮರದ ತೆಪ್ಪದಲ್ಲಿ ಪೆರುವಿನಿಂದ 101 ದಿನ ತೇಲಿ ಪಾಲಿನೇಷ್ಯಾ ಮುಟ್ಟಿದ್ದರು. ಅಲ್ಲಿನ ಜನರ ಪೂರ್ವಿಕರು ದಕ್ಷಿಣ ಅಮೆರಿಕದಿಂದ ಬಂದರೆಂಬುದು ಅವರ ವಾದ. ಪಯಣವೇನೋ ಗೆದ್ದಿತು, ವಾದ ನಿಲ್ಲಲಿಲ್ಲ. ಆ ಜನರ ಭಾಷೆ, ಡಿಎನ್‌ಎ ಎರಡೂ ಮುಖ್ಯವಾಗಿ ಏಷ್ಯಾ ಕಡೆಗೇ ಕೈತೋರಿಸುತ್ತವೆ. ನನ್ನ ತಪ್ಪಿಗೆ ಇಷ್ಟು ದೊಡ್ಡ ಜೊತೆಗಾರರು ಸಿಕ್ಕಿದ್ದು ಸ್ವಲ್ಪ ಸಮಾಧಾನ!

ಇದನ್ನೆಲ್ಲ ಹೇಳಿದರೆ ಅಜ್ಜ ಬೇರೆಯದೇ ಕೇಳಿದರು. "ಬಾಬಾ ಬುಡನ್ ಏಳು ಕಾಫಿ ಬೀಜ ಯೆಮೆನ್‌ನಿಂದ ತಂದ್ರು ಅಂತಾರಲ್ಲ, ಆ ಹಡಗೂ ಹೊಲಿದಿದ್ದೇನಾ?"

ಉತ್ತರ ನನ್ನಲ್ಲಿರಲಿಲ್ಲ. "ಇರಬಹುದು ಅಜ್ಜ" ಅಂದೆ. ಈ ಸಲ 'ಇರಬಹುದು' ಅನ್ನುವುದನ್ನು ಮರೆಯಲಿಲ್ಲ.